ಒಂದನೇ ನಂಬರಿನ ಪ್ರೊಸೆಸ್: ಲಿನಕ್ಸ್ ಎದ್ದು ನಿಲ್ಲುವ ಬಗೆ

ಲಿನಕ್ಸ್ ಇರುವ ಕಂಪ್ಯೂಟರನ್ನು ಆನ್ ಮಾಡಿದಾಗ ಮೊದಲು ಫರ್ಮ್‌ವೇರ್, ಅದರ ಹಿಂದೆ ಬೂಟ್ ಲೋಡರ್, ಕೊನೆಗೆ ಇಡೀ ವ್ಯವಸ್ಥೆಯ ತಿರುಳಾದ ಕರ್ನಲ್ ಕೆಲಸಕ್ಕೆ ಇಳಿಯುತ್ತವೆ. ಕರ್ನಲ್ ತನ್ನ ಸಿದ್ಧತೆಗಳನ್ನು ಮುಗಿಸಿದ ಮೇಲೆ ಒಂದು ಪ್ರೋಗ್ರಾಮನ್ನು ಚಾಲೂ ಮಾಡಿ, ಮುಂದಿನ ಹೊಣೆಯನ್ನೆಲ್ಲ ಅದಕ್ಕೆ ಒಪ್ಪಿಸುತ್ತದೆ. ಅದಕ್ಕೆ ಇನಿಟ್ ಎಂದು ಹೆಸರು. ಓಡುತ್ತಿರುವ ಪ್ರೋಗ್ರಾಮನ್ನು ಪ್ರೊಸೆಸ್ ಎನ್ನುತ್ತಾರೆ; ಇನಿಟ್‌ನ ಪ್ರೊಸೆಸ್ ಸಂಖ್ಯೆ ಯಾವಾಗಲೂ 1. ನೆಟ್‌ವರ್ಕ್, ಮುದ್ರಣ, ಲಾಗಿನ್ ಪರದೆ, ನಾವು ತೆರೆಯುವ ಬ್ರೌಸರ್, ಎಲ್ಲವೂ ಇದರ ಸಂತತಿಯೇ. ತಂದೆ ಪ್ರೊಸೆಸ್ ಮುಗಿದು ಅನಾಥವಾದ ಮರಿ ಪ್ರೊಸೆಸ್ಸುಗಳು ಸಾಮಾನ್ಯವಾಗಿ ಇದರ ಮಡಿಲಿಗೇ ಬಂದು ಸೇರುತ್ತವೆ. ಇದೇ ಸತ್ತರೆ ಮಾತ್ರ ಸಾಕುವವರು ಇಲ್ಲ. ಕರ್ನಲ್ ಕೈಚೆಲ್ಲಿ ಇಡೀ ಯಂತ್ರವೇ ನಿಂತುಹೋಗುತ್ತದೆ.

ಬಹುಕಾಲ ಈ ಸ್ಥಾನದಲ್ಲಿದ್ದದ್ದು, ಎಟಿ ಆ್ಯಂಡ್ ಟಿ ಸಂಸ್ಥೆ 1983ರಲ್ಲಿ ಹೊರತಂದ ಯುನಿಕ್ಸ್ ಸಿಸ್ಟಂ ಫೈವ್‌ನ ಮಾದರಿ. ಅದನ್ನು ಲಿನಕ್ಸಿಗೆಂದು ಬರೆದವರು ಮಿಕೆಲ್ ವಾನ್ ಸ್ಮೂರೆನ್‌ಬರ್ಗ್. ಇದರಲ್ಲಿ ಯಂತ್ರದ ಸ್ಥಿತಿಗಳನ್ನು 0ಯಿಂದ 6ರವರೆಗಿನ ರನ್‌ಲೆವೆಲ್‌ಗಳಾಗಿ ವಿಂಗಡಿಸಲಾಗಿತ್ತು: 0 ಎಂದರೆ ಆರಿಸುವುದು, 6 ಎಂದರೆ ಮರಳಿ ಆರಂಭಿಸುವುದು, ರೆಡ್ ಹ್ಯಾಟ್ ಬಳಗದ ವಿತರಣೆಗಳಲ್ಲಿ (ಸಿದ್ಧಪಡಿಸಿ ಹಂಚುವ ಲಿನಕ್ಸ್ ರೂಪಗಳಲ್ಲಿ) 5 ಎಂದರೆ ಚಿತ್ರಾತ್ಮಕ ಡೆಸ್ಕ್‌ಟಾಪ್. ಹಿನ್ನೆಲೆಯಲ್ಲಿ ಓಡುವ ಪ್ರತಿ ಸೇವೆಗೂ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಬರೆದಿಟ್ಟ ಪಠ್ಯ ಕಡತ. ಅದರ ಹೆಸರಿನ ಮುಂದಿನ ಎರಡಂಕಿಯ ಸಂಖ್ಯೆಯೇ ಅದರ ಸರದಿ. ಒಂದು ಮುಗಿಯದೆ ಇನ್ನೊಂದು ಆರಂಭವಾಗುತ್ತಿರಲಿಲ್ಲ. ಶೆಲ್ ಬಲ್ಲ ಯಾರೇ ಆದರೂ ಈ ಸ್ಕ್ರಿಪ್ಟುಗಳನ್ನು ಓದಿ, ತಿದ್ದಿ, ತಪ್ಪಿದ್ದರೆ ಹುಡುಕಬಹುದಾಗಿತ್ತು ಎಂಬ ಗುಣವನ್ನು ಮರೆಯುವಂತಿಲ್ಲ. ಹಳೆಯ ಪದ್ಧತಿಯ ಪರವಾಗಿ ಇಂದಿಗೂ ವಾದಿಸುವವರು ಕೇವಲ ಹಟಮಾರಿಗಳಲ್ಲ.

ಆದರೆ ಯಂತ್ರಗಳೇ ಬದಲಾದವು. ಯುಎಸ್‌ಬಿ ಡಿಸ್ಕು ಯಾವ ಗಳಿಗೆಯಲ್ಲಾದರೂ ಬಂದು ಸೇರಬಹುದಾದಾಗ, ವೈಫೈ ಬಂದು ಹೋಗುತ್ತಿರುವಾಗ, ಮೊದಲೇ ಬರೆದಿಟ್ಟ ಸರದಿ ಪಟ್ಟಿಗೆ ಅರ್ಥವಿರಲಿಲ್ಲ. ಉಬುಂಟು ವಿತರಣೆಯನ್ನು ಹೊರತರುವ ಕೆನೊನಿಕಲ್ ಸಂಸ್ಥೆಯಲ್ಲಿದ್ದ ಸ್ಕಾಟ್ ಜೇಮ್ಸ್ ರೆಮ್ನೆಂಟ್ ಬರೆದ ಅಪ್‌ಸ್ಟಾರ್ಟ್ 2006ರ ಉಬುಂಟು 6.10ರಲ್ಲಿ ಕಾಣಿಸಿಕೊಂಡದ್ದು ಈ ಕೊರತೆಗೆ ಉತ್ತರವಾಗಿ. ‘ಡಿಸ್ಕು ಸಿಕ್ಕಿತು’, ‘ನೆಟ್‌ವರ್ಕ್ ಬಂದಿತು’ ಎಂಬ ಘಟನೆಗಳನ್ನು ಆಲಿಸಿ, ಆಯಾ ಘಟನೆಗೆ ಹೊಂದುವ ಸೇವೆಯನ್ನು ಅದು ಎಬ್ಬಿಸುತ್ತಿತ್ತು. ಒಂದು ಸೇವೆಗೆ ಏನು ಬೇಕು ಎಂದು ಹೇಳುವ ಬದಲು, ಏನಾದರೆ ಅದು ಏಳಬೇಕು ಎಂದು ಹೇಳಬೇಕಾಗಿದ್ದುದು ಅದರ ತೊಡಕು.

2010ರ ಏಪ್ರಿಲ್ ಕೊನೆಯಲ್ಲಿ ಲೆನಾರ್ಟ್ ಪೊಯೆಟರಿಂಗ್ ಪ್ರಕಟಿಸಿದ, ಕೇ ಸೀವರ್ಸ್ ಜೊತೆಗೂಡಿ ರೂಪಿಸಿದ ಸಿಸ್ಟಂಡಿ ಇನ್ನೊಂದು ದಾರಿ ಹಿಡಿಯಿತು. ಸೇವೆಗಳು ಒಂದನ್ನೊಂದು ಕಾಯುವುದು ಏಕೆ? ಬಹುಪಾಲು, ಮಾತನಾಡಲು ಬೇಕಾದ ಸಂಪರ್ಕದ್ವಾರ, ಅಂದರೆ ಸಾಕೆಟ್, ಇನ್ನೂ ಸೃಷ್ಟಿಯಾಗಿಲ್ಲ ಎಂಬ ಕಾರಣಕ್ಕೆ. ಹಾಗಾದರೆ ಎಲ್ಲ ಸಾಕೆಟ್‌ಗಳನ್ನು ಇನಿಟ್ ತಾನೇ ಮೊದಲು ತೆರೆದಿಟ್ಟು, ಆಮೇಲೆ ಎಲ್ಲ ಸೇವೆಗಳನ್ನೂ ಒಟ್ಟಿಗೆ ಆರಂಭಿಸಬಹುದು. ಡಾಕ್ಟರು ಬರುವ ಮೊದಲೇ ಬಂದವರು ಟೋಕನ್ ಪಡೆದು ಕುಳಿತಿರುವಂತೆ, ಆಗುಹೋಗುಗಳನ್ನು ದಾಖಲಿಸುವ ಲಾಗ್ ಸೇವೆ ಸಿದ್ಧವಾಗುವ ಮುನ್ನವೇ ಉಳಿದವು ಕಳುಹಿಸಿದ ಸಂದೇಶಗಳು ಕರ್ನಲಿನ ಬಫರಿನಲ್ಲಿ ಕಾದಿರುತ್ತವೆ. ಬಫರ್ ತುಂಬಿದರೆ ಕಳುಹಿಸುವ ಪ್ರೊಸೆಸ್ ಮಾತ್ರ ಅಲ್ಲೇ ತಡೆದು ನಿಲ್ಲುತ್ತದೆ. ಯಾರು ಮೊದಲು, ಯಾರು ನಂತರ ಎಂಬ ಲೆಕ್ಕವನ್ನು ಮನುಷ್ಯರು ಬರೆದಿಡುವ ಅಗತ್ಯ ಹೀಗೆ ಬಹುಮಟ್ಟಿಗೆ ತಪ್ಪಿತು. ಈ ಉಪಾಯ ಪೂರ್ತಿ ಹೊಸದೇನಲ್ಲ: ಬರ್ಕ್ಲಿ ಯುನಿಕ್ಸಿನ ಐನೆಟ್‌ಡಿಯಲ್ಲಿ ಇದರ ಬೀಜವಿತ್ತು, ಆಪಲ್ 2005ರಲ್ಲಿ ಮ್ಯಾಕ್‌ಗೆ ತಂದ ಲಾಂಚ್‌ಡಿಯಲ್ಲಿ ಅದು ಚೆನ್ನಾಗಿಯೇ ಬೆಳೆದಿತ್ತು.

ಸಿಸ್ಟಂಡಿಯ ಪ್ರಚಾರವೆಲ್ಲ ವೇಗದ ಸುತ್ತ ನಡೆಯಿತು. ನನ್ನ ದೃಷ್ಟಿಯಲ್ಲಿ ಅದರ ಹೆಚ್ಚಿನ ಲಾಭ ಬೇರೆಡೆ ಇದೆ. ಡೆಸ್ಕ್‌ಟಾಪ್ ಬೇಗ ಏಳುವುದಕ್ಕೆ ಎಸ್‌ಎಸ್‌ಡಿಗಳು ಕೊಟ್ಟ ನೆರವೂ ಸಣ್ಣದಲ್ಲ. ಹಿನ್ನೆಲೆ ಸೇವೆಯೊಂದು ತನ್ನದೇ ನಕಲಾದ ಮರಿ ಪ್ರೊಸೆಸ್ ಹುಟ್ಟಿಸುತ್ತಾ ಎರಡು ಬಾರಿ ಕವಲೊಡೆದು ಆರಂಭಿಸಿದವರ ಕೈಯಿಂದ ಜಾರಿಕೊಳ್ಳುವುದು ಯುನಿಕ್ಸಿನ ಹಳೆಯ ವಾಡಿಕೆ. ಆದ್ದರಿಂದ ಹಳೆಯ ಸ್ಕ್ರಿಪ್ಟುಗಳು ಪ್ರೊಸೆಸ್ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಟ್ಟು, ನಿಲ್ಲಿಸುವಾಗ ಆ ಸಂಖ್ಯೆಯನ್ನೇ ನಂಬುತ್ತಿದ್ದವು. ಸೇವೆ ಅಷ್ಟರಲ್ಲಿ ಸತ್ತು, ಅದೇ ಸಂಖ್ಯೆ ಬೇರೊಂದು ಪ್ರೊಸೆಸ್ಸಿಗೆ ದಕ್ಕಿದ್ದರೆ ಏಟು ಬೀಳುತ್ತಿದ್ದುದು ನಿರಪರಾಧಿಗೆ. ಗೂಗಲ್ ಎಂಜಿನಿಯರುಗಳು ಆರಂಭಿಸಿ, 2008ರ ಜನವರಿಯಲ್ಲಿ ಕರ್ನಲ್ 2.6.24ರೊಂದಿಗೆ ಬಂದ ಪ್ರೊಸೆಸ್ಸುಗಳನ್ನು ಗುಂಪುಗೂಡಿಸುವ ಸಿ-ಗ್ರೂಪ್ ಸೌಲಭ್ಯವನ್ನು ಸಿಸ್ಟಂಡಿ ಇಲ್ಲಿ ಬಳಸಿಕೊಂಡಿತು. ಪ್ರತಿ ಸೇವೆಗೂ ಒಂದು ಗುಂಪು. ಮಕ್ಕಳು, ಮೊಮ್ಮಕ್ಕಳು ಎಷ್ಟೇ ಕವಲೊಡೆದರೂ ಗುಂಪಿನ ಗುರುತು ಜೊತೆಗೇ ಸಾಗುತ್ತದೆ. ಯಾವ ಪ್ರೊಸೆಸ್ ಯಾವ ಸೇವೆಗೆ ಸೇರಿದ್ದು ಎಂಬ ಪ್ರಶ್ನೆಗೆ ಊಹೆಯ ಬದಲು ಉತ್ತರ ಸಿಗತೊಡಗಿತು.

2011ರಲ್ಲಿ ಫೆಡೋರಾ 15 ವಿತರಣೆ ಸಿಸ್ಟಂಡಿಯನ್ನು ಒಪ್ಪಿಕೊಂಡಿತು. ಇನ್ನೊಂದು ವಿತರಣೆಯಾದ ಡೆಬಿಯನ್ನಿನಲ್ಲಿ ಮಾತ್ರ ವಿಷಯ ತಾಂತ್ರಿಕ ಸಮಿತಿಯವರೆಗೆ ಹೋಯಿತು. 2014ರ ಫೆಬ್ರುವರಿಯಲ್ಲಿ ಸಮಿತಿಯ ಮತಗಳು ಸರಿಸಮನಾಗಿ ಒಡೆದು, ಅಧ್ಯಕ್ಷ ಬಿಡೇಲ್ ಗಾರ್ಬೀ ಅವರ ನಿರ್ಣಾಯಕ ಮತ ಸಿಸ್ಟಂಡಿಯ ಕಡೆಗೆ ಬಿದ್ದಿತು. ಕೆಲವೇ ದಿನಗಳಲ್ಲಿ ಉಬುಂಟು ತನ್ನದೇ ಅಪ್‌ಸ್ಟಾರ್ಟನ್ನು ಬಿಟ್ಟುಕೊಡುವುದಾಗಿ ಸಾರಿತು. ಒಪ್ಪದವರು ಅದೇ ವರ್ಷ ಡೆಬಿಯನ್ನಿನಿಂದ ಸಿಡಿದು ಡೆವುವಾನ್ ಕಟ್ಟಲು ಹೊರಟರು. ಅವರ ಆಕ್ಷೇಪ ಸಾಕೆಟ್ಟಿನ ಬಗ್ಗೆ ಆಗಿರಲಿಲ್ಲ. ಲಾಗ್‌ಗಳು ಸರಳ ಪಠ್ಯದ ಬದಲು ಬೈನರಿ ರೂಪಕ್ಕೆ ತಿರುಗಿದ್ದು, ಸಾಧನಗಳನ್ನು ಗುರುತಿಸುವ ಯುಡೆವ್ 2012ರಲ್ಲಿ ಅದೇ ಯೋಜನೆಯೊಳಗೆ ಸೇರಿದ್ದು, ಲಾಗಿನ್ ನಿರ್ವಹಣೆಯೂ ಅಲ್ಲಿಗೇ ಹೋದದ್ದು, ಹೀಗೆ ಒಂದೇ ಯೋಜನೆ ಮೈಚಾಚುತ್ತಾ ಹೋದದ್ದು ಅವರನ್ನು ಕೆರಳಿಸಿತು. ಈ ಆತಂಕ ಬುಡವಿಲ್ಲದ್ದೆಂದು ನನಗೆ ಅನ್ನಿಸುವುದಿಲ್ಲ.

ಜೆಂಟೂ ವಿತರಣೆ ಓಪನ್‌ಆರ್‌ಸಿ ಎಂಬ ಬೇರೆ ಇನಿಟ್ಟನ್ನೂ, ವಾಯ್ಡ್ ವಿತರಣೆ ರನಿಟ್ ಎಂಬ ಇನಿಟ್ಟನ್ನೂ ಇಂದಿಗೂ ನೆಚ್ಚಿಕೊಂಡಿವೆ. ಎರಡೂ ಚೊಕ್ಕವಾದ, ಚಿಕ್ಕದಾದ ಕೆಲಸಗಾರರು. ಡೆಸ್ಕ್‌ಟಾಪಿಗೆ ಬಂದಾಗ ಮಾತ್ರ ಅವಕ್ಕೆ ಇನ್ನೊಂದು ಆಸರೆ ಬೇಕು. ಪರದೆಯ ಮುಂದೆ ಈಗ ಯಾರಿದ್ದಾರೆ, ಅವರಿಗೆ ಯಾವ ಸಾಧನಗಳ ಮೇಲೆ ಹಕ್ಕಿದೆ, ಲ್ಯಾಪ್‌ಟಾಪ್ ಮುಚ್ಚಿದಾಗ ಯಂತ್ರ ನಿದ್ರಿಸಬೇಕೇ ಎಂಬುದನ್ನೆಲ್ಲ ನೋಡಿಕೊಳ್ಳುವುದು ಸಿಸ್ಟಂಡಿಯ ಲಾಗಿನ್‌ಡಿ, ಗ್ನೋಮ್‌ನಂಥ ಡೆಸ್ಕ್‌ಟಾಪ್ ಅದನ್ನು ನಿರೀಕ್ಷಿಸುತ್ತದೆ. ಆದ್ದರಿಂದ ಆ ಒಂದು ಭಾಗವನ್ನಷ್ಟೇ ಸಿಸ್ಟಂಡಿಯ ಮೂಲಸಂಕೇತದಿಂದ ಬಿಡಿಸಿ ತೆಗೆದು ಇಲಾಗಿನ್‌ಡಿ ಎಂಬ ಸ್ವತಂತ್ರ ತಂತ್ರಾಂಶವಾಗಿಸಲಾಗಿದೆ. ಸಿಸ್ಟಂಡಿ ಬೇಡವೆಂದು ಹೊರಬಂದ ಡೆವುವಾನ್ ಕೂಡ ಅದನ್ನು ಬಳಸುತ್ತದೆ.