ಬಂಡೆಯೊಳಗೆ ಹೈಡ್ರೋಜನ್ ತುಂಬುವ ಮೊದಲು ಬೋರ್‌ವೆಲ್ ಎಣಿಸಿ

ಕರೆಂಟನ್ನು ಕೂಡಿಡುವುದು ಮಲೆನಾಡಿಗೆ ಹೊಸದಲ್ಲ. ಲಿಂಗನಮಕ್ಕಿಯಲ್ಲಿ 1964ರಿಂದ ಮಳೆಗಾಲದ ನೀರು ನಿಲ್ಲುತ್ತಿದೆ. ಬೇಸಿಗೆಯಲ್ಲಿ ಅದೇ ನೀರು ಇಳಿದು ಟರ್ಬೈನು ತಿರುಗಿಸುತ್ತದೆ. ಸೋಲಾರ್‌ಗೆ, ಗಾಳಿಗೆ ಇಂಥ ಅನುಕೂಲ ಇಲ್ಲ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು, ಆದರೆ ಹೊತ್ತು ಮುಳುಗಿದರೆ ಅದರ ಉತ್ಪಾದನೆ ಸೊನ್ನೆ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಮುಂಗಾರಿನಲ್ಲಿ ಜೋರಾಗಿ ತಿರುಗುತ್ತವೆ, ಮಳೆಗಾಲ ಕಳೆದ ಮೇಲೆ ಮಂದವಾಗುತ್ತವೆ. ಕೆಲವು ಗಂಟೆಗಳ ಮಟ್ಟಿಗೆ ಕೂಡಿಡಲು ಬ್ಯಾಟರಿ ಸಾಕು. ತಿಂಗಳುಗಟ್ಟಲೆ ಇಡಬೇಕು ಅಂದಾಗ ಹೈಡ್ರೋಜನ್ ಮಾತು ಬರುತ್ತದೆ.

ಹೆಚ್ಚಾದ ಕರೆಂಟಿನಿಂದ ನೀರನ್ನು ಒಡೆದರೆ ಹೈಡ್ರೋಜನ್ ಸಿಗುತ್ತದೆ. ಒಂದು ಕಿಲೋ ಹೈಡ್ರೋಜನ್‌ಗೆ ಕಡಿಮೆ ಎಂದರೂ 9 ಲೀಟರ್ ನೀರು ಬೇಕು, ಸುಮಾರು 50 ಯೂನಿಟ್ ಕರೆಂಟು ಬೇಕು. ಅದನ್ನು ತಿರುಗಿ ಕರೆಂಟು ಮಾಡಿದರೆ ಕೈಗೆ ಬರುವುದು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು. ಹಾಗಾಗಿ ದಿನನಿತ್ಯದ ಬಳಕೆಗೆ ಇದು ದುಬಾರಿ. ಬೇರೆ ದಾರಿಯೇ ಇಲ್ಲದ ತಿಂಗಳುಗಳಿಗೆ, ಉಕ್ಕು ಮತ್ತು ಗೊಬ್ಬರದ ಕಾರ್ಖಾನೆಗಳಿಗೆ ಮಾತ್ರ ಇದು ಸರಿಹೊಂದುತ್ತದೆ.

ಆದರೆ ಈ ಅನಿಲ ಜಾಗ ತುಂಬಾ ತಿನ್ನುತ್ತದೆ. ಸುಮ್ನೆ ಬಿಟ್ಟರೆ ಒಂದು ಕಿಲೋಗೆ 11–12 ಘನ ಮೀಟರ್ ಬೇಕು. ಒತ್ತಿ ತುಂಬೋಣ ಅಂದರೆ ಉಕ್ಕಿನ ಟ್ಯಾಂಕುಗಳಿಗೆ ವಿಪರೀತ ಖರ್ಚು. ಅದಕ್ಕೇ ನೆಲದಡಿಯ ಯೋಚನೆ. ಇಂಗ್ಲೆಂಡಿನ ಟೀಸ್‌ಸೈಡ್‌ನಲ್ಲಿ 1972ರಿಂದ, ಅಮೆರಿಕದ ಟೆಕ್ಸಾಸ್‌ನಲ್ಲಿ 1983ರಿಂದ ಉಪ್ಪಿನ ಪದರದಲ್ಲಿ ಕೊರೆದ ಗುಹೆಗಳಲ್ಲಿ ಹೈಡ್ರೋಜನ್ ಇಡುತ್ತಿದ್ದಾರೆ. ಒತ್ತಡ ಬಿದ್ದಾಗ ಉಪ್ಪು ನಿಧಾನವಾಗಿ ಜರುಗಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅನಿಲಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮಲೆನಾಡಿನಲ್ಲಿ ಅಂಥ ಉಪ್ಪಿನ ಪದರ ಇಲ್ಲ. ಇಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ. ಬಂಡೆ ಕೊರೆಯುವುದು ನಮ್ಮವರಿಗೆ ಗೊತ್ತು. ವಾರಾಹಿಯ ವಿದ್ಯುದಾಗಾರ ಇರುವುದೇ ನೆಲದೊಳಗೆ. ಘಟ್ಟದ ಕೆಳಗೆ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳಿವೆ. ಆದರೆ ಅಲ್ಲಿ ತೈಲವನ್ನು ಹಿಡಿದಿಡುವುದು ಸುತ್ತಲಿನ ಅಂತರ್ಜಲದ ಒತ್ತಡ. ಹೈಡ್ರೋಜನ್‌ಗೆ ಆ ಉಪಾಯ ನಡೆಯುವುದಿಲ್ಲ. ಹತ್ತು ಮೀಟರ್ ನೀರಿಗೆ ಒಂದು ಬಾರ್ ಒತ್ತಡ ಅಂದುಕೊಂಡರೆ, ಹೈಡ್ರೋಜನ್ ಒತ್ತಿ ತುಂಬುವ 250 ಬಾರ್‌ನಷ್ಟು ಒತ್ತಡ ತಡೆಯಲು ಎರಡೂವರೆ ಕಿಲೋಮೀಟರ್ ಆಳ ಬೇಕು! ಸ್ವೀಡನ್ನಿನ ಲೂಲಿಯೋದಲ್ಲಿ ಬೇರೆ ದಾರಿ ಹಿಡಿದರು. 2022ರಲ್ಲಿ ಶುರುವಾದ ಅಲ್ಲಿನ ಪ್ರಯೋಗದ ಗುಹೆ 30 ಮೀಟರ್ ಆಳದಲ್ಲಿದೆ, 100 ಘನ ಮೀಟರಿನದು. ಒಳಗೆ ಉಕ್ಕಿನ ಹೊದಿಕೆ, ಅದರ ಹಿಂದೆ ಕಾಂಕ್ರೀಟು, ಅದರಾಚೆ ಬಂಡೆ. ಉಕ್ಕು ಸೋರಿಕೆ ತಡೆಯುತ್ತದೆ, ಭಾರವನ್ನೆಲ್ಲ ಬಂಡೆ ಹೊರುತ್ತದೆ. ಹೈಡ್ರೋಜನ್ ಕೆಲವು ಬಗೆಯ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ. ಅದಕ್ಕೇ ಯಾವ ಉಕ್ಕು ಬಳಸುತ್ತಾರೆ ಅನ್ನುವುದು ಮುಖ್ಯ.

ಸಿಡಿಯುವುದಿಲ್ಲವೇ? ಗುಹೆಯೊಳಗೆ ಆಮ್ಲಜನಕ ಇರುವುದಿಲ್ಲ, ಹಾಗಾಗಿ ಅಲ್ಲಿ ಉರಿಯಲಾರದು. ಅಪಾಯ ಇರುವುದು ಹೊರಗೆ ಸೋರಿದಾಗ. ಗಾಳಿಯಲ್ಲಿ 4ರಿಂದ 75 ಶೇಕಡಾದವರೆಗೆ ಎಷ್ಟಿದ್ದರೂ ಅದು ಹೊತ್ತಿಕೊಳ್ಳಬಲ್ಲದು, ಸಣ್ಣ ಕಿಡಿ ಸಾಕು. ವಾಸನೆ ಇಲ್ಲ. ಹಗಲಲ್ಲಿ ಜ್ವಾಲೆಯೂ ಸರಿಯಾಗಿ ಕಾಣುವುದಿಲ್ಲ. ಬಯಲಲ್ಲಿ ಸೋರಿದರೆ ಸರ್ರನೆ ಮೇಲೇರಿ ಚದುರಿಹೋಗುತ್ತದೆ. ಮಾಡಿನಡಿ ಸೇರಿಕೊಂಡರೆ ಕಷ್ಟ.

ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಹಚಿನ್ಸನ್ ಊರಿನಲ್ಲಿ 2001ರ ಜನವರಿಯಲ್ಲಿ ಆದದ್ದನ್ನು ಇಲ್ಲಿ ನೆನೆಯಲೇಬೇಕು. ಅದು ಹೈಡ್ರೋಜನ್ ಅಲ್ಲ, ನೈಸರ್ಗಿಕ ಅನಿಲ. ಊರಾಚೆಯ ಉಪ್ಪಿನ ಗುಹೆಗಳಲ್ಲಿ ಇಟ್ಟಿದ್ದರು. ಉಪ್ಪು ಕೈಕೊಡಲಿಲ್ಲ. ಗುಹೆಗೆ ಇಳಿಬಿಟ್ಟಿದ್ದ ಬಾವಿಯ ಕೇಸಿಂಗ್ ಪೈಪು ತೂತಾಗಿತ್ತು. ಅನಿಲ ನೆಲದೊಳಗಿನ ಬಿರುಕುಬಿಟ್ಟ ಕಲ್ಲಿನ ಪದರ ಹಿಡಿದು ಸುಮಾರು 11 ಕಿಲೋಮೀಟರ್ ಹರಿದು ಊರಿನಡಿಗೆ ಬಂತು. ಅಲ್ಲಿ ಹಿಂದೆ ಉಪ್ಪುನೀರಿಗಾಗಿ ಕೊರೆದು, ಆಮೇಲೆ ಎಲ್ಲರೂ ಮರೆತುಬಿಟ್ಟಿದ್ದ ಹಳೇ ಬಾವಿಗಳಿದ್ದವು. ಅವುಗಳಿಂದ ಮೇಲೆ ಬಂದ ಅನಿಲ ಪೇಟೆಯ ಅಂಗಡಿಗಳಲ್ಲಿ ಸ್ಫೋಟಿಸಿತು. ಮರುದಿನ ಮತ್ತೊಂದು ಕಡೆ ಸ್ಫೋಟವಾಗಿ ಇಬ್ಬರು ಸತ್ತರು.

ಇದನ್ನು ಓದಿದಾಗ ನನ್ನ ಮನಸ್ಸಿಗೆ ಬಂದದ್ದು ನಮ್ಮ ಅಡಿಕೆ ತೋಟಗಳ ಬೋರ್‌ವೆಲ್. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿಸುತ್ತಾರೆ, ಕೊರೆಸುತ್ತಾರೆ, ಬರೀ ಧೂಳು ಬರುತ್ತದೆ. ಮೇಲಿನ ಕೇಸಿಂಗ್ ಕಿತ್ತುಕೊಂಡು ಬಾಯಿಗೊಂದು ಚಪ್ಪಡಿ ಎಳೆದು ಮುಂದಿನ ಪಾಯಿಂಟಿಗೆ ಹೋಗುತ್ತಾರೆ. ಐದಾರು ಮಳೆಗಾಲ ಕಳೆದರೆ ಅದರ ಮೇಲೆ ದರಗು, ಹುಲ್ಲು. ಯಾವ ನಕ್ಷೆಯಲ್ಲೂ ಇಲ್ಲದ ಅಂಥ ತೂತು ಎಲ್ಲಿದೆ ಅಂತ ತೋಟದ ಯಜಮಾನನಿಗೆ ಗೊತ್ತು, ಕೆಲಸಕ್ಕೆ ಬರುತ್ತಿದ್ದವರಿಗೆ ಗೊತ್ತು. ಯಾವ ಬಾವಿಗೆ ಎಲ್ಲಿಂದ ಒರತೆ ಅನ್ನುವುದೂ ಅವರಿಗೇ ಗೊತ್ತು. ಭೂಗರ್ಭದ ಸುರಕ್ಷತೆಗೆ ಈ ತಿಳಿವಳಿಕೆ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಆದರೆ ನಂಬಿಕೆ ಇಲ್ಲದ ಕಡೆ ಅದನ್ನು ಯಾರು ಹೇಳುತ್ತಾರೆ?

ಜನರ ನಂಬಿಕೆ ಇಲ್ಲದೆಯೋ, ನೆಲವೇ ನಡುಗಿಯೋ ನಿಂತುಹೋದ ಯೋಜನೆಗಳಿವೆ. ನೆದರ್ಲೆಂಡ್ಸ್‌ನ ಬಾರೆಂಡ್ರೆಕ್ಟ್‌ನಲ್ಲಿ ಮನೆಗಳ ಕೆಳಗೆ ಇಂಗಾಲದ ಡೈಆಕ್ಸೈಡ್ ತುಂಬುವ ಯೋಜನೆ ಜನರ ವಿರೋಧದಿಂದ 2010ರಲ್ಲಿ ರದ್ದಾಯಿತು. ಸ್ಪೇನಿನ ಕರಾವಳಿಯಾಚೆ ಸಮುದ್ರದಡಿ ಅನಿಲ ತುಂಬುವಾಗ 2013ರಲ್ಲಿ ನೂರಾರು ಸಣ್ಣ ಭೂಕಂಪಗಳಾದವು, ಕೆಲಸ ನಿಂತಿತು.

ನಮ್ಮಲ್ಲಿ ಈ ಅಪನಂಬಿಕೆಗೆ ಹಳೆಯ ಕಾರಣ ಇದೆ. ಶರಾವತಿ ಮುಳುಗಡೆಯ ಕುಟುಂಬಗಳು ಹಕ್ಕುಪತ್ರಕ್ಕಾಗಿ ಅಲೆದಾಡಿ ತಲೆಮಾರುಗಳೇ ಕಳೆದವು. ಈಗ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಎದ್ದಿರುವ ವಿರೋಧ ಕಾಡಿನ ಸಲುವಾಗಿ ಹೌದು, ಸಿಂಗಳೀಕದ ಸಲುವಾಗಿ ಹೌದು, ಆ ನೆನಪಿನ ಸಲುವಾಗಿಯೂ ಹೌದು. ಇದನ್ನು ಅಜ್ಞಾನ ಅಂತ ತಳ್ಳಿಹಾಕುವುದು ಅನ್ಯಾಯ.

ನನಗೆ ಹೈಡ್ರೋಜನ್ ಬೇಕು. ಕಲ್ಲಿದ್ದಲು ಬಿಡಬೇಕಾದರೆ ಇಂಥ ದಾರಿಗಳೂ ಬೇಕೇ ಬೇಕು. ಆದರೆ ಘಟ್ಟದ ಕಾಡಿನಲ್ಲಿ ಬೇಡ. ಲೂಲಿಯೋದ ಗುಹೆ ಉಕ್ಕು ತಯಾರಿಕೆಗಾಗಿ ಹುಟ್ಟಿದ್ದು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೂ ಪ್ರಯೋಗ ಮಾಡುವುದಾದರೆ ಭದ್ರಾವತಿಯಂಥ ಕಬ್ಬಿಣದ ಊರಿನ ಮಗ್ಗುಲಲ್ಲಿ, ಲೂಲಿಯೋದಷ್ಟೇ ಸಣ್ಣದಾಗಿ ಶುರು ಮಾಡಲಿ. ಊರವರನ್ನು ಜೊತೆಗಿಟ್ಟುಕೊಂಡು ಹಳೇ ಬೋರು, ಬಾವಿ, ಒರತೆಗಳ ಪಟ್ಟಿ ಮಾಡಲಿ. ಒತ್ತಡ ಮತ್ತು ಸೋರಿಕೆಯ ಅಳತೆ ಪಂಚಾಯ್ತಿ ಕಟ್ಟೆಯಲ್ಲಿ ದಿನವೂ ಕನ್ನಡದಲ್ಲಿ ಕಾಣಲಿ. ಅನಾಹುತವಾದರೆ ಯಾರು, ಎಷ್ಟು, ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವುದು ಮೊದಲೇ ಬರಹದಲ್ಲಿರಲಿ. ಗ್ರಾಮಸಭೆ ಬೇಡ ಅಂದರೆ ಡ್ರಿಲ್ಲಿಂಗ್ ಲಾರಿ ವಾಪಸ್ ಹೋಗಲಿ.