ಕೊಡಲಿಯ ವಯಸ್ಸು ಕೊಡಲಿಯೊಳಗಿಲ್ಲ

ಮನುಷ್ಯನ ಹುಟ್ಟಿನ ಕಾಲವನ್ನು ಇನ್ನಷ್ಟು ಹಿಂದಕ್ಕೆ ತಳ್ಳುವ ಸುದ್ದಿಯೊಂದು ಪತ್ರಿಕೆಯಲ್ಲಿ ಬಂದರೆ ಸಾಕು, ಅದೇ ವಾರ ನನ್ನ ಮೊಬೈಲಿಗೆ ಕಲ್ಲುಗಳ ಚಿತ್ರಗಳು ಬರತೊಡಗುತ್ತವೆ. ಅಂಗೈ ಮೇಲಿಟ್ಟ ಕಲ್ಲು, ಮೇಜಿನ ಮೇಲಿಟ್ಟ ಕಲ್ಲು, ಪಕ್ಕದಲ್ಲಿ ಅಳತೆಗೆಂದು ಐದು ರೂಪಾಯಿಯ ನಾಣ್ಯ. ಕೆಳಗೆ ಒಂದೇ ಪ್ರಶ್ನೆ: ‘ಸರ್, ಇದಕ್ಕೆ ಕಾರ್ಬನ್ ಡೇಟಿಂಗ್ ಮಾಡಿಸಿದರೆ ಎಷ್ಟು ವರ್ಷ ಬರಬಹುದು?’

ಕಾರ್ಬನ್ ಡೇಟಿಂಗ್ ಜೀವವಿದ್ದ ವಸ್ತುಗಳಿಗೆ ಮಾತ್ರ: ಇದ್ದಿಲು, ಬೀಜ, ಮೂಳೆ. ಅದೂ ಸುಮಾರು 50,000 ವರ್ಷಗಳವರೆಗೆ. ಇಷ್ಟು ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಆದರೆ ಮರುಕ್ಷಣವೇ, ‘ಹಾಗಾದರೆ ಕಲ್ಲಿಗೆ ಯಾವ ಪರೀಕ್ಷೆ ಇದೆಯೋ ಅದನ್ನು ಮಾಡಿಸಿ’ ಎನ್ನುತ್ತಾರೆ. ನನ್ನ ತಾಳ್ಮೆ ಕೆಡುವುದು ಇಲ್ಲಿ. ಪರೀಕ್ಷೆಯ ಹೆಸರು ಬದಲಾದರೂ ತಪ್ಪು ತಿಳಿವಳಿಕೆ ಹಾಗೆಯೇ ಉಳಿದಿರುತ್ತದೆ. ಕಲ್ಲಿನ ಆಯುಧವನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಅದನ್ನು ಮಾಡಿದ ಕಾಲ ಹೊರಬರುತ್ತದೆ ಎಂದು ವಿದ್ಯಾವಂತರೂ ನಂಬಿದ್ದಾರೆ. ಹಾಗೆ ಆಗುವುದಿಲ್ಲ.

ಕಲ್ಲು ಕಲ್ಲಾದದ್ದು ಕೋಟ್ಯಂತರ ವರ್ಷಗಳ ಹಿಂದೆ. ಯಾರೋ ಅದನ್ನು ಕೈಗೆತ್ತಿಕೊಂಡು, ಇನ್ನೊಂದು ಕಲ್ಲಿನಿಂದ ಹೊಡೆದು, ಚಕ್ಕೆ ಎಬ್ಬಿಸಿ ಕೈಗೊಡಲಿ ಮಾಡಿದ ಗಳಿಗೆ ಬೇರೆಯೇ. ಆ ಹೊಡೆತದಿಂದ ಕಲ್ಲಿನೊಳಗೆ ಯಾವ ಗಡಿಯಾರವೂ ಹೊಸದಾಗಿ ಓಡತೊಡಗುವುದಿಲ್ಲ. ಆದ್ದರಿಂದ ನಾವು ‘ಈ ಕೊಡಲಿಗೆ ಇಷ್ಟು ವರ್ಷ’ ಎನ್ನುವಾಗಲೆಲ್ಲ ಕಾಲ ಅಳೆದಿರುವುದು ಇನ್ನಾವುದನ್ನೋ: ಪಕ್ಕದಲ್ಲಿದ್ದ ಪ್ರಾಣಿಯ ಹಲ್ಲನ್ನು, ಮೇಲಿದ್ದ ಜ್ವಾಲಾಮುಖಿಯ ಬೂದಿಯನ್ನು, ಸುತ್ತಲಿನ ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡ ಸಮಯವನ್ನು. ಆ ವಸ್ತುವಿಗೂ ಕೊಡಲಿಗೂ ನಂಟಿದೆ ಎಂದು ಬೇರೆಯಾಗಿ ಸಾಧಿಸಬೇಕು. ಮಾನವನ ಕಾಲರೇಖೆಯ ಬಗ್ಗೆ ನಡೆಯುವ ಜಗಳಗಳಲ್ಲಿ ಬಹುಪಾಲು ಈ ನಂಟಿನ ಜಗಳಗಳೇ.

ನಮ್ಮದೇ ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯನ್ನು ನೋಡಿ. ಅಲ್ಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಹಳೆ ಶಿಲಾಯುಗದ ಅಶೂಲಿಯನ್ ಕಾಲದ, ಅಂದರೆ ಕೈಗೊಡಲಿಗಳ ಕಾಲದ, ಕಲ್ಲುಗಣಿಯೊಂದನ್ನು ಅಗೆದು ತೆಗೆದರು. ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ ಅಲ್ಲಿಯೇ ಕುಳಿತು ಆಯುಧ ಮಾಡುತ್ತಿದ್ದ ಜಾಗವದು. ಕಾಲ ಸಿಕ್ಕಿದ್ದು ಅಲ್ಲಿಯೇ ದೊರೆತ, ದನದ ಜಾತಿಯ ಪ್ರಾಣಿಗಳ ಹಲ್ಲುಗಳಿಂದ: ಸುಮಾರು 12 ಲಕ್ಷ ವರ್ಷ. ಈ ಸಂಖ್ಯೆಯನ್ನು ನಾನು ಎಚ್ಚರಿಕೆಯ ಮಾತು ಸೇರಿಸದೆ ಹೇಳುವುದಿಲ್ಲ. ಹಲ್ಲಿನಲ್ಲಿ ಕಾಲಕ್ರಮೇಣ ಕೂಡಿಬಂದ ವಿಕಿರಣದ ಪರಿಣಾಮವನ್ನು ಅಳೆದು ಹೇಳಿದ ಕಾಲವಿದು. ಹಲ್ಲಿನ ಎನಾಮಲ್ ಮಣ್ಣಿನಿಂದ ಯುರೇನಿಯಂ ಅನ್ನು ಯಾವ ಗತಿಯಲ್ಲಿ ಹೀರಿತು ಎಂಬ ಊಹೆಯ ಮೇಲೆ ಆ ಲೆಕ್ಕ ನಿಂತಿದೆ. ಊಹೆ ಬದಲಾದರೆ ಸಂಖ್ಯೆಯೂ ಸರಿಯುತ್ತದೆ. ಆದರೆ ಹಲ್ಲಿಗೂ ಕೊಡಲಿಗೂ ಇರುವ ನಂಟಿನ ಬಗ್ಗೆ ನನಗೆ ಹೆಚ್ಚು ಧೈರ್ಯವಿದೆ. ಹೊಡೆಯಲು ಬಳಸಿದ ಗುಂಡುಕಲ್ಲು, ಅರ್ಧಕ್ಕೆ ಬಿಟ್ಟ ಕಲ್ಲು, ಸಿಡಿದ ಚಕ್ಕೆ ಎಲ್ಲವೂ ಒಟ್ಟಿಗೆ ಬಿದ್ದಿದ್ದವು. ಹಳ್ಳದ ನೀರು ಎಲ್ಲಿಂದಲೋ ಹೊತ್ತು ತಂದು ಸುರಿದಿದ್ದರೆ ಅವು ಹಾಗಿರುತ್ತಿರಲಿಲ್ಲ.

ಈ ನಂಟು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಎರೆ ಹೊಲದ ರೈತರಿಗೆ ನಾನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಎರೆ ಬಿರಿದರೆ ಕೈ ಇಳಿಯುವಷ್ಟು ಬಿರುಕು. ಮೇಲಿನ ಮಡಕೆ ಚೂರು, ಚಕ್ಕೆ, ಕಬ್ಬಿಣದ ಮೊಳೆ ಎಲ್ಲವೂ ಕೆಳಗೆ ಹೋಗುತ್ತವೆ. ಮಳೆ ಬಿದ್ದು ಮಣ್ಣು ಉಬ್ಬಿದರೆ ಬಿರುಕು ಮುಚ್ಚುತ್ತದೆ, ಗುರುತೂ ಉಳಿಯುವುದಿಲ್ಲ. ಸುರಪುರದ ಕಡೆಯ ಹಿರಿಯರೊಬ್ಬರು ನನ್ನ ವಿದ್ಯಾರ್ಥಿಗಳಿಗೆ, ‘ಸಾಹೇಬರೇ, ಈ ಮಣ್ಣಿನಲ್ಲಿ ಆಳ ನೋಡಿ ಹಳೆಯದು ಎನ್ನಬೇಡಿ’ ಎಂದಿದ್ದರು. ತರಗತಿಯಲ್ಲಿ ನಾನು ಒಂದು ಗಂಟೆ ತೆಗೆದುಕೊಂಡು ಹೇಳುವುದನ್ನು ಅವರು ಬದುವಿನ ಮೇಲೆ ನಿಂತು ಒಂದೇ ಮಾತಿನಲ್ಲಿ ಮುಗಿಸಿದರು.

ಮಣ್ಣಿನಷ್ಟೇ ಮನುಷ್ಯನೂ ಪದರಗಳನ್ನು ಕಲಕುತ್ತಾನೆ. 1913ರಲ್ಲಿ ಹಾನ್ಸ್ ರೆಕ್ ಎಂಬ ಜರ್ಮನ್ ವಿಜ್ಞಾನಿಗೆ ಈಗಿನ ತಾಂಜಾನಿಯದ ಓಲ್ಡುವಾಯಿ ಕಮರಿಯಲ್ಲಿ ನಮ್ಮಂಥದೇ ಮನುಷ್ಯನ ಇಡೀ ಅಸ್ಥಿಪಂಜರ ಸಿಕ್ಕಿತು, ಅದೂ ಬಹು ಪ್ರಾಚೀನ ಪದರದಲ್ಲಿ. ಆಧುನಿಕ ಮಾನವ ಅಷ್ಟು ಹಿಂದೆಯೇ ಇದ್ದನೆಂದು ದೊಡ್ಡ ಚರ್ಚೆಯಾಯಿತು. ಪ್ರಾಚೀನ ಮಾನವನ ಹುಡುಕಾಟದಲ್ಲಿ ಹೆಸರಾದ ಲೂಯಿಸ್ ಲೀಕಿಯಂಥವರೂ ಕೆಲಕಾಲ ಅದನ್ನು ಬೆಂಬಲಿಸಿದರು. 1930ರ ದಶಕದಲ್ಲಿ ಸುತ್ತಲಿನ ಮಣ್ಣನ್ನು ಪರೀಕ್ಷಿಸಿದಾಗ ಗೊತ್ತಾಯಿತು: ಬಹಳ ಕಾಲದ ನಂತರದ ಜನ ಹಳೆಯ ಪದರದೊಳಕ್ಕೆ ಗುಂಡಿ ತೋಡಿ ಶವ ಹೂಳಿದ್ದರು. ಪದರ ಹಳೆಯದೇ, ಮೂಳೆ ಹಳೆಯದಲ್ಲ. ಇಂದಿಗೂ ಈ ಅಸ್ಥಿಪಂಜರವನ್ನು ‘ವಿಜ್ಞಾನ ಮುಚ್ಚಿಟ್ಟ ಸತ್ಯ’ ಎಂದು ನನಗೆ ಕಳಿಸುವವರಿದ್ದಾರೆ. ಯಾರೂ ಮುಚ್ಚಿಡಲಿಲ್ಲ. ಬಹಿರಂಗವಾಗಿ ವಾದಿಸಿ, ಮಣ್ಣು ನೋಡಿ, ಕೈಬಿಟ್ಟರು.

ಹಾಗೆಂದು ಕಾಲರೇಖೆ ಕದಲುವುದೇ ಇಲ್ಲ ಎಂದಲ್ಲ. ಕದಲಿದೆ, ನನ್ನ ವೃತ್ತಿಯ ಅವಧಿಯಲ್ಲೇ ಬಹಳ ಕದಲಿದೆ. ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಮೊರಾಕೊದ ಜೆಬೆಲ್ ಇರ್ಹೂದ್. 1961ರಲ್ಲಿ ಬೆರೈಟ್ ಗಣಿಯ ಕೆಲಸಗಾರರಿಗೆ ಅಲ್ಲಿ ತಲೆಬುರುಡೆಯೊಂದು ಸಿಕ್ಕಿತು. ಬುರುಡೆ ಕೈಗೆ ಬಂತು, ಆದರೆ ಅದು ಯಾವ ಪದರದಿಂದ ಬಂತು ಎಂಬುದು ಖಚಿತವಾಗಲಿಲ್ಲ. ಪರಿಣಾಮವಾಗಿ ಆ ಮನುಷ್ಯ ಎಷ್ಟು ಹಿಂದಿನವನೆಂಬ ಅಂದಾಜು ದಶಕಗಟ್ಟಲೆ ತೂಗಾಡಿತು. ಮೊದಲು 40,000 ವರ್ಷ ಎಂದರು. 2007ರಲ್ಲಿ ಒಂದು ಹಲ್ಲಿನಿಂದ 1,60,000 ಎಂದರು. ಈ ನಡುವೆ, 2004ರಿಂದ ಜ್ಯಾಂ-ಜ್ಯಾಕ್ ಯುಬ್ಲ್ಯಾಂ ಅವರ ತಂಡ ಅಲ್ಲಿ ಮತ್ತೆ ಅಗೆಯಲು ಆರಂಭಿಸಿತ್ತು. ಗಣಿಯವರು ಮುಟ್ಟದೆ ಉಳಿದಿದ್ದ ಪದರದಲ್ಲಿ ಮಾನವ ಮೂಳೆಗಳೂ ಕಲ್ಲಿನ ಆಯುಧಗಳೂ ಒಟ್ಟಿಗೆ ಸಿಕ್ಕವು. ಆಯುಧಗಳಲ್ಲಿ ಕೆಲವು ಬೆಂಕಿಯಲ್ಲಿ ಕಾದಿದ್ದವು. ಕಲ್ಲು ಚೆನ್ನಾಗಿ ಕಾದಾಗ ಅದುವರೆಗೆ ಅದರೊಳಗೆ ಕೂಡಿಬಂದಿದ್ದ ವಿಕಿರಣದ ಶಕ್ತಿ ಬಿಡುಗಡೆಯಾಗಿ ಲೆಕ್ಕ ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. ಹಾಗಾಗಿ ಅಳೆಯಲು ಸಿಕ್ಕಿದ್ದು ಆ ಒಲೆಯ ಕಾಲ. 2017ರಲ್ಲಿ ಪ್ರಕಟವಾದ ಉತ್ತರ: ಸುಮಾರು 3,15,000 ವರ್ಷ. ಆಧುನಿಕ ಮಾನವ ಕುಲದ ಆರಂಭವನ್ನು ಅಲ್ಲಿಯವರೆಗೆ ಎರಡು ಲಕ್ಷ ವರ್ಷಗಳ ಆಸುಪಾಸಿನಲ್ಲಿಟ್ಟು ಪಾಠ ಮಾಡುತ್ತಿದ್ದೆವು.

ಈ ಕಥೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ವಿವರವಿದೆ. ಕಲ್ಲು ಕಾದ ಮೇಲೆ ಅದರಲ್ಲಿ ಮತ್ತೆ ಕೂಡುವ ಶಕ್ತಿಯ ಬಹುಭಾಗ ಬರುವುದು ಸುತ್ತಲಿನ ಮಣ್ಣಿನ ವಿಕಿರಣದಿಂದ. ಆ ಮಣ್ಣು ವರ್ಷಕ್ಕೆ ಎಷ್ಟು ವಿಕಿರಣ ಕೊಡುತ್ತದೆ ಎಂದು ಸ್ಥಳದಲ್ಲಿಯೇ ಅಳೆಯದೆ ಲೆಕ್ಕ ಮುಗಿಯುವುದಿಲ್ಲ. ಹಲ್ಲಿನ ಲೆಕ್ಕಕ್ಕೂ ಇದು ಬೇಕು. ಇರ್ಹೂದ್‌ನಲ್ಲಿ ಅದನ್ನು ಹೊಸದಾಗಿ ಅಳೆದು ಹಾಕಿದಾಗ, 1,60,000 ಎಂದಿದ್ದ ಅದೇ ಹಲ್ಲು 2,86,000 ವರ್ಷಗಳ ಸುತ್ತಮುತ್ತ ಬಂದು ನಿಂತಿತು. ಹಲ್ಲು ಬದಲಾಗಲಿಲ್ಲ, ಅದರ ಸುತ್ತಲಿನ ಮಣ್ಣಿನ ಬಗ್ಗೆ ನಮ್ಮ ತಿಳಿವಳಿಕೆ ಬದಲಾಯಿತು. ಚೀಲದಲ್ಲಿ ಹಾಕಿ ತಂದ ಕಲ್ಲಿಗೆ ನಾನು ಕಾಲ ಹೇಳಲಾರೆ ಎನ್ನುವುದು ಸೊಕ್ಕಿನಿಂದಲ್ಲ, ಈ ಕಾರಣದಿಂದ.

ಅಮೆರಿಕದ ಎರಡು ಪ್ರಕರಣಗಳನ್ನು ಜೊತೆಗಿಟ್ಟು ನೋಡುವುದು ಒಳ್ಳೆಯದು. ಮನುಷ್ಯ ಅಲ್ಲಿಗೆ ಕಾಲಿಟ್ಟದ್ದು ಎಲ್ಲರೂ ಒಪ್ಪಿದ್ದಕ್ಕಿಂತ ಬಹಳ ಹಿಂದೆ ಎಂದು ಹೇಳಿದ ಪ್ರಕರಣಗಳಿವು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ಬಳಿ ರಸ್ತೆ ಕಾಮಗಾರಿಯಲ್ಲಿ ಸಿಕ್ಕ, ಆನೆಯಂಥ ಮ್ಯಾಸ್ಟೊಡಾನ್ ಪ್ರಾಣಿಯ ಒಡೆದ ಮೂಳೆಗಳಿಗೆ 1,30,000 ವರ್ಷ, ಅವನ್ನು ಒಡೆದದ್ದು ಮನುಷ್ಯ ಎಂದು 2017ರಲ್ಲಿ ಒಂದು ತಂಡ ಬರೆಯಿತು. ಮೂಳೆಯ ವಯಸ್ಸಿಗಿಂತ ‘ಮನುಷ್ಯ ಒಡೆದ’ ಎಂಬ ಭಾಗವನ್ನೇ ಬಹಳ ಮಂದಿ ಒಪ್ಪುತ್ತಿಲ್ಲ; ಭಾರವಾದ ಕಾಮಗಾರಿ ಯಂತ್ರಗಳೂ ಹಾಗೆ ಒಡೆಯಬಲ್ಲವು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿರುವುದು ಹೆಜ್ಜೆಗುರುತುಗಳು, ಮನುಷ್ಯನವೇ ಎಂಬುದರಲ್ಲಿ ಅನುಮಾನವಿಲ್ಲ. 2021ರಲ್ಲಿ ಅವಕ್ಕೆ 21,000ದಿಂದ 23,000 ವರ್ಷ ಎಂದಾಗ ತಕರಾರು ಬಂದದ್ದು ಕಾಲದ ಬಗ್ಗೆ. ಅಳೆದದ್ದು ನೀರಿನಲ್ಲಿ ಬೆಳೆಯುವ ಹುಲ್ಲಿನ ಬೀಜವನ್ನು, ಅಂಥ ಗಿಡ ನೀರಿನಲ್ಲಿ ಕರಗಿದ ಹಳೆಯ ಇಂಗಾಲವನ್ನು ಹೀರಿ ಇರುವುದಕ್ಕಿಂತ ಮುದಿಯಾಗಿ ಕಾಣಬಹುದು ಎಂದರು. ತಕರಾರು ನ್ಯಾಯವಾಗಿತ್ತು. ತಂಡ ಸಿಟ್ಟಾಗಲಿಲ್ಲ. ನೆಲದ ಮೇಲೆ ಬೆಳೆಯುವ ಮರಗಳ ಪರಾಗವನ್ನೂ ಮರಳಿನ ಕಣಗಳನ್ನೂ ಅಳೆದು 2023ರಲ್ಲಿ ಮತ್ತೆ ಪ್ರಕಟಿಸಿತು. ಸಂಖ್ಯೆ ಅಲ್ಲಲ್ಲಿಗೇ ಬಂತು. ಒಪ್ಪಿತ ಕಾಲರೇಖೆಯನ್ನು ಪ್ರಶ್ನಿಸುವುದೆಂದರೆ ಹೀಗೆ. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ.

ನಮ್ಮ ಪಕ್ಕದ ತಮಿಳುನಾಡಿನ ಅತ್ತಿರಂಪಾಕ್ಕಂ ಬಗ್ಗೆಯೂ ಒಂದು ಮಾತು. ಶಾಂತಿ ಪಪ್ಪು ಮತ್ತು ಸಂಗಡಿಗರು 2018ರಲ್ಲಿ ಅಲ್ಲಿನ ಮಧ್ಯ ಹಳೆ ಶಿಲಾಯುಗದ ಆಯುಧಗಳ ಪದರಕ್ಕೆ ಸುಮಾರು 3,85,000 ವರ್ಷ ಎಂದು ತೋರಿಸಿದರು. ದೊಡ್ಡ ಕೆಲಸ. ಅದನ್ನು ಓದಿ ‘ಆಧುನಿಕ ಮಾನವ ಭಾರತದಲ್ಲೇ ಹುಟ್ಟಿದ’ ಎಂದು ಭಾಷಣ ಮಾಡಿದವರನ್ನು ನಾನು ಕೇಳಿದ್ದೇನೆ. ಆ ಪದರದಲ್ಲಿ ಮಾನವ ಮೂಳೆ ಸಿಕ್ಕಿಲ್ಲ. ಆಯುಧ ಮಾಡಿದವರು ಯಾವ ಕುಲದವರೆಂದು ಆಯುಧವೊಂದೇ ಹೇಳಲಾರದು.

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯ ಮೇಷ್ಟರೊಬ್ಬರು ಮಕ್ಕಳಿಂದ ಸಂಗ್ರಹಿಸಿದ ಕಲ್ಲುಗಳನ್ನು ತೋರಿಸಲು ಕರೆದಿದ್ದರು. ಗಾಜಿನ ಕಪಾಟು ತುಂಬ ಕೊಡಲಿಗಳು, ಸೋಪು ಹಾಕಿ ತೊಳೆದು ಎಣ್ಣೆ ಸವರಿ ಹೊಳೆಯುತ್ತಿದ್ದವು. ಮೇಲೆ ಚೀಟಿ: ‘20 ಲಕ್ಷ ವರ್ಷ’. ಯಾವುದು ಯಾವ ಹೊಲದ್ದು ಎಂದರೆ, ‘ಸುತ್ತಮುತ್ತಲಿನವು, ಸರ್’. ನನಗೆ ಸಂಕಟವಾಯಿತು, ಆದರೆ ಅಷ್ಟು ಅಕ್ಕರೆಯಿಂದ ಕೂಡಿಟ್ಟವರಿಗೆ ಏನು ಹೇಳುವುದು? ಆಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಕಲ್ಲನ್ನು ತೋರಿಸಿ ಹೇಳಿದಳು: ‘ನಮ್ಮಪ್ಪ ಬಾವಿ ತೋಡಿಸುವಾಗ ಸಿಕ್ಕಿತು ಸರ್. ಎರೆ ಮುಗಿದು ಗರಸು ಬಂತು, ಗರಸಿನ ಕೆಳಗೆ ಹಳದಿ ಮಣ್ಣು ಇತ್ತು, ಅದರ ಮೇಲೆಯೇ ಇತ್ತು.’ ಇಡೀ ಕಪಾಟಿಗಿಂತ ಅವಳ ಆ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಮರುದಿನ ಆ ಬಾವಿಯ ಗೋಡೆ ನೋಡಲು ಹೋದೆವು.

ನೀವು ಕಲ್ಲು ಕಂಡರೆ ದಯವಿಟ್ಟು ಎತ್ತಬೇಡಿ. ಕಾಲುವೆಯ ದಂಡೆಯಲ್ಲೋ ಬಾವಿಯ ಗೋಡೆಯಲ್ಲೋ ಕಚ್ಚಿಕೊಂಡಿದ್ದರೆ ಹಾಗೆಯೇ ಬಿಟ್ಟು, ಮೇಲಿನ ಮತ್ತು ಕೆಳಗಿನ ಮಣ್ಣು ಎರಡೂ ಕಾಣುವಂತೆ ಚಿತ್ರ ತೆಗೆಯಿರಿ. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಹತ್ತಿರದ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೋ ರಾಜ್ಯದ ಪುರಾತತ್ವ ಇಲಾಖೆಗೋ ತಿಳಿಸಿ. ಈಗಾಗಲೇ ಎತ್ತಿದ್ದರೆ ತೊಳೆಯಬೇಡಿ, ಅಂಟಿದ ಮಣ್ಣು ಹಾಗೆಯೇ ಇರಲಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವ ಮಣ್ಣಿನಲ್ಲಿ ಸಿಕ್ಕಿತೆಂದು ನೆನಪಿರುವಾಗಲೇ ಬರೆದು ಜೊತೆಗಿಡಿ. ಹೊಲದ ಸರ್ವೆ ನಂಬರ್ ಗೊತ್ತಿದ್ದರೆ ಅದನ್ನೂ ಸೇರಿಸಿ.