ಮದುವೆ ವಾರದಲ್ಲಿ ಪೀಲ್ ಬೇಡ

ಮದುವೆಗೆ ಆರು ದಿನ ಇತ್ತು. ಹುಡುಗಿ ಅಮ್ಮನ ಜೊತೆ ನನ್ನ ಕ್ಲಿನಿಕ್‌ಗೆ ಬಂದಳು. ದುಪಟ್ಟಾ ಸರಿಸಿದಾಗ ಎರಡೂ ಕೆನ್ನೆಗಳ ಮೇಲೆ, ಮೂಳೆ ಉಬ್ಬಿರುವ ಕಡೆ, ಕಾಫಿ ಬಣ್ಣದ ಪಟ್ಟೆ ಕಂಡಿತು. ಮೂಗಿನ ಸಂದಿಯಲ್ಲಿ ಹಕ್ಕಳೆ. ಪಾರ್ಲರ್‌ನಲ್ಲಿ ಪೀಲ್ ಮಾಡಿಸಿದ್ದಳು. ಯಾವ ಆಸಿಡ್, ಎಷ್ಟು ಪರ್ಸೆಂಟ್ ಅಂತ ಕೇಳಿದೆ. "ಗೊತ್ತಿಲ್ಲ ಡಾಕ್ಟ್ರೇ. ಉರೀತಿದೆ ಅಂದೆ, ಉರಿದ್ರೇನೇ ಕೆಲಸ ಮಾಡೋದು ಅಂದ್ರು" ಅಂದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪೀಲ್ ಅಂದರೆ ಮೇಲ್ಪದರದ ಸತ್ತ ಚರ್ಮವನ್ನು ಆಸಿಡ್‌ನಿಂದ ಸಡಿಲ ಮಾಡಿ ಉದುರಿಸುವುದು. ಮನೆಯಲ್ಲಿ ಹಚ್ಚುವ ಗ್ಲೈಕೋಲಿಕ್ ಆಸಿಡ್ ಸೀರಮ್ ಮಾಡುವುದೂ ಅದನ್ನೇ. ಆದರೆ ಮನೆಯ ಬಾಟಲಿಯಲ್ಲಿ ಸಾಮಾನ್ಯವಾಗಿ 5ರಿಂದ 10 ಪರ್ಸೆಂಟ್ ಇರುತ್ತದೆ, ನಮ್ಮಲ್ಲಿ 20ರಿಂದ 70ರವರೆಗೂ ಬಳಸುತ್ತೇವೆ. ಅಷ್ಟು ಗಟ್ಟಿ ಆಸಿಡ್ ಹಚ್ಚಿದ ಮೇಲೆ ಒಂದೊಂದು ನಿಮಿಷಕ್ಕೂ ಲೆಕ್ಕ ಇರುತ್ತದೆ.

ನಾನು ಮಾಡುವಾಗ ಮೊದಲು ತುಟಿ, ಕಣ್ಣಿನ ಅಂಚು, ಮೂಗಿನ ಸಂದಿಗೆ ವ್ಯಾಸಲೀನ್ ಹಚ್ಚುತ್ತೇನೆ. ಆಸಿಡ್ ಬಂದು ನಿಲ್ಲುವುದು ಅಲ್ಲೇ. ಆಮೇಲೆ ಹಣೆಯಿಂದ ಬ್ರಷ್ ಶುರು. ಪಕ್ಕದಲ್ಲಿ ಗಡಿಯಾರ ಇರುತ್ತದೆ, ಆದರೆ ಕಣ್ಣು ಮುಖದ ಮೇಲೇ. ಒಂದು ಕಡೆ ಬೇಗ ಕೆಂಪಾದರೆ ಅಲ್ಲಿ ಮಾತ್ರ ತಕ್ಷಣ ಅಡುಗೆ ಸೋಡಾ ಕರಗಿಸಿದ ನೀರು ಹಾಕುತ್ತೇನೆ. ಸಣ್ಣಗೆ ನೊರೆ ಬಂದು ಆಸಿಡ್ ಶಾಂತವಾಗುತ್ತದೆ. ಮೊದಲ ಸಲ ಒಂದೆರಡು ನಿಮಿಷ ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಜಾಸ್ತಿ ಹೊಳಪು ಬರುವುದಿಲ್ಲ, ಸುಡುತ್ತದೆ ಅಷ್ಟೇ.

ಸುಟ್ಟರೆ ನಮ್ಮ ಚರ್ಮಕ್ಕೆ ಕಷ್ಟ ಜಾಸ್ತಿ. ಕಂದು ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಚುರುಕು. ಸೊಳ್ಳೆ ಕಚ್ಚಿದ ಜಾಗ ಕೆರೆದರೂ ತಿಂಗಳುಗಟ್ಟಲೆ ಕಪ್ಪು ಉಳಿಯುತ್ತೆ, ಅಲ್ವಾ? ಸುಟ್ಟಾಗ ಆಗುವುದೂ ಅದೇ. ಕಲೆ ತೆಗೆಸಲು ಹೋದವರು ಹೊಸ ಕಲೆ ತರುತ್ತಾರೆ. ಬಂಗು ಇದ್ದವರಿಗೆ ಅದು ಇನ್ನಷ್ಟು ಗಾಢವಾಗುತ್ತದೆ.

ಹಾಗಾಗಿ ಬಂದವರಿಗೆಲ್ಲ ಮೊದಲು ಮನೆಯ ಆರೈಕೆಯನ್ನೇ ಹೇಳುತ್ತೇನೆ. ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್, ಎರಡು ಬೆರಳಿನುದ್ದ. ಬೊಟ್ಟಿನಷ್ಟು ಹಚ್ಚಿದರೆ ಸಾಲದು. ರಾತ್ರಿ ಮಾಯಿಶ್ಚರೈಸರ್. ವಾರಕ್ಕೆ ಎರಡು ರಾತ್ರಿ ಬಟಾಣಿ ಕಾಳಿನಷ್ಟು ರೆಟಿನಾಲ್ (ವಿಟಮಿನ್ ಎ ಕ್ರೀಮ್), ಒಗ್ಗಿದರೆ ನಿಧಾನವಾಗಿ ಹೆಚ್ಚಿಸಿ. ಗರ್ಭಿಣಿಯರಿಗೆ ಇದು ಬೇಡ. ಮೂರು ತಿಂಗಳು ಬಿಡದೆ ಮಾಡಿದರೆ ತುಂಬಾ ಜನರಿಗೆ ಪೀಲ್ ಬೇಕೇ ಆಗುವುದಿಲ್ಲ. ಮೊಡವೆ ಕಲೆ, ಬಂಗು ಹಟ ಹಿಡಿದು ಉಳಿದರೆ ಆಗ ಪೀಲ್, ಎರಡು ಮೂರು ವಾರಕ್ಕೊಂದು. ರೆಟಿನಾಲನ್ನು ಅದಕ್ಕೆ ಒಂದು ವಾರ ಮೊದಲೇ ನಿಲ್ಲಿಸಬೇಕು. ಮದುವೆ ಇದ್ದರೆ ಮೂರು ನಾಲ್ಕು ತಿಂಗಳು ಮುಂಚೆ ಬನ್ನಿ. ಕೊನೆಯ ಪೀಲ್‌ಗೂ ಮದುವೆಗೂ ಮಧ್ಯೆ ಕನಿಷ್ಠ ಮೂರು ವಾರ ಬಿಡುವಿರಲಿ.

ಮನೆಯದು ಎಂದರೆ ಎಲ್ಲವೂ ಸೇಫ್ ಅಲ್ಲ. ನಿಂಬೆರಸ ಮುಖಕ್ಕೆ ಬೇಡವೇ ಬೇಡ. ಅದರ ಹುಳಿಯೂ ಆಸಿಡ್ಡೇ, ಬಿಸಿಲು ತಾಗಿದರೆ ಬೊಬ್ಬೆ ಬರಬಹುದು. ಆನ್‌ಲೈನ್‌ನಲ್ಲಿ ಗಟ್ಟಿ ಆಸಿಡ್ ಬಾಟಲಿ ತರಿಸಿ ತಾವೇ ಹಚ್ಚಿಕೊಳ್ಳುವವರೂ ಇದ್ದಾರೆ. ಇಂಥವನ್ನು ಬಳಸಬೇಡಿ ಎಂದು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಇನ್ನು ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತರುವ ಬೆಳ್ಳಗಾಗುವ ಕ್ರೀಮುಗಳು. ಎಷ್ಟೋ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅದರಿಂದ ತೆಳುವಾದ ಚರ್ಮದ ಮೇಲೆ ಪೀಲ್ ಮಾಡಿದರೆ ಸುಡುವುದು ಬಹಳ ಸುಲಭ. ಹಚ್ಚಿದ್ದರೆ ಮುಚ್ಚಿಡದೆ ಹೇಳಿ, ಟ್ಯೂಬ್ ಇದ್ದರೆ ತಂದು ತೋರಿಸಿ.

ಆ ಹುಡುಗಿಗೆ ಅವತ್ತು ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಬಿಟ್ಟು ಬೇರೇನೂ ಕೊಡಲಿಲ್ಲ. ಮದುವೆ ಮೇಕಪ್ಪಿನಲ್ಲಿ ನಡೆಯಿತು. ಪಟ್ಟೆ ಮಾಸಲು ಐದು ತಿಂಗಳು ಬೇಕಾಯಿತು. ಉರಿಯುತ್ತಿದೆ ಎಂದಾಗಲೇ ಯಾರಾದರೂ ಅವಳ ಮುಖ ತೊಳೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.